ಹಳೆಯ ನಕ್ಷೆ ಹಿಡಿದು ಕಳೆದುಹೋದ ರೈಲುದಾರಿಯ ಹುಡುಕಾಟ



ಕಳೆದ ರಾಜ್ಯೋತ್ಸವದ ದಿನ ನಮ್ಮ ಶಾಲೆಯ ಪ್ರದರ್ಶನದಲ್ಲಿ 'ನಮ್ಮೂರ ಹಳೆಯ ರೈಲು' ಎಂಬ ದೊಡ್ಡ ಚಾರ್ಟೊಂದನ್ನು ತೂಗುಹಾಕಿದ್ದೆವು. ನಾವು ಎಂದರೆ ಹಿರಿಯರ ತರಗತಿಯ ಹನ್ನೊಂದು ಮಕ್ಕಳು, ಇಬ್ಬರು ಶಿಕ್ಷಕರು, ಮತ್ತು ಶನಿವಾರಗಳನ್ನು ನಮಗಾಗಿ ಬಿಟ್ಟುಕೊಟ್ಟ ಕೆಲವು ತಂದೆತಾಯಿಯರು. ಇಲ್ಲಿನ ಫ್ರೀಮಾಂಟ್, ನೆವಾರ್ಕ್ ಊರುಗಳಲ್ಲಿ ಒಂದು ಕಾಲದಲ್ಲಿದ್ದು ಈಗ ಕಾಣದಾಗಿರುವ ರೈಲುದಾರಿ, ನಿಲ್ದಾಣ, ಶೆಡ್ಡುಗಳನ್ನು ಹಳೆಯ ನಕ್ಷೆಗಳಿಂದ ಪತ್ತೆ ಮಾಡಿ ಬಣ್ಣಬಣ್ಣದ ಗೆರೆಗಳಲ್ಲಿ ಬರೆದಿದ್ದೆವು. ಬಂದವರೆಲ್ಲ ಮೆಚ್ಚಿದರು. ಫೋಟೋ ತೆಗೆದುಕೊಂಡರು.

ಆಗ ಒಬ್ಬ ಅಜ್ಜ ಬಂದು ಚಾರ್ಟಿನ ಮುಂದೆ ಬಹಳ ಹೊತ್ತು ನಿಂತರು. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜ ಅವರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. "ಛಂದ ಬರದೀರವ್ವಾ. ಖರೇ, ಈ ಕುದುರಿ ರೈಲು ಇಷ್ಟನೇ ವರ್ಷದ ತನಕ ಓಡ್ತು ಅಂತ ಬರದೀರಲ್ಲ, ಅದು ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದರು.

"ನಕ್ಷೆಯಲ್ಲಿದೆ ಅಜ್ಜ" ಎಂದಳು ಮೊಮ್ಮಗಳು. ಅಜ್ಜ ಕನ್ನಡಕ ಸರಿಮಾಡಿಕೊಂಡು ಪಕ್ಕದಲ್ಲಿ ಅಂಟಿಸಿದ್ದ ನಕ್ಷೆಯ ಪ್ರತಿಯ ಕೆಳಅಂಚಿಗೆ ಬಾಗಿದರು. "ಇಲ್ಲಿ ಎರಡು ವರ್ಷ ಬರದಾರಲ್ಲ ತಂಗೀ. ಯಾವುದು ಖರೇ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಶಿಕ್ಷಕರಾದ ನಮಗೂ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆ ದಿನ ಚಾರ್ಟನ್ನು ಇಳಿಸಿ ಮನೆಗೆ ಒಯ್ದೆವು. ಆಮೇಲಿನ ನಾಲ್ಕು ತಿಂಗಳು ನಾವು ಕಲಿತದ್ದೇ ಈ ಪಾಠ.

೧. ಮೊದಲು ಸ್ವಲ್ಪ ಹಿನ್ನೆಲೆ

ಫ್ರೀಮಾಂಟ್ ಎಂಬ ಊರು ಹುಟ್ಟಿದ್ದು 1956ರಲ್ಲಿ. ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್‌ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಹಳೆಯ ಊರುಗಳು ಸೇರಿ ಅದಾಯಿತು. ಹಾಗಾಗಿ ಹಳೆಯ ನಕ್ಷೆಯಲ್ಲಿ 'ಫ್ರೀಮಾಂಟ್' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಇದು ಮೊದಲ ಪಾಠ: ಊರಿನ ಇಂದಿನ ಹೆಸರನ್ನಲ್ಲ, ಅಂದಿನ ಹೆಸರನ್ನು ಹುಡುಕಬೇಕು. ಪಕ್ಕದ ಹೇವರ್ಡ್ ಊರನ್ನೂ ಹಿಂದೆ 'ಹೇವರ್ಡ್ಸ್' ಎಂದು ಬರೆಯುತ್ತಿದ್ದರು.

ನಮ್ಮ ಹುಡುಕಾಟದ ನಾಯಕ 'ಸೌತ್ ಪೆಸಿಫಿಕ್ ಕೋಸ್ಟ್' ಎಂಬ ರೈಲುದಾರಿ. ಹಳಿಗಳ ನಡುವೆ ಮೂರೇ ಅಡಿ ಅಗಲವಿದ್ದ ನ್ಯಾರೋ ಗೇಜ್ ಅದು. ಅಲಮೀಡದಿಂದ ಹೊರಟು, ನೆವಾರ್ಕ್ ದಾಟಿ, ಕೊಲ್ಲಿಯ ಅಂಚಿನ ಜವುಗು ನೆಲದ ಮೇಲೆ ಹಾದು, ಸ್ಯಾನ್ ಹೋಸೆ, ಲಾಸ್ ಗ್ಯಾಟೋಸ್ ಮುಟ್ಟಿ, ಬೆಟ್ಟಗಳನ್ನು ಸುರಂಗಗಳಲ್ಲಿ ತೂರಿ 1880ರಲ್ಲಿ ಸಮುದ್ರತೀರದ ಸಾಂಟಾ ಕ್ರೂಝ್ ತಲುಪಿತು. 1887ರಲ್ಲಿ ದೊಡ್ಡ ಕಂಪನಿಯಾದ ಸದರ್ನ್ ಪೆಸಿಫಿಕ್ ಇದನ್ನು ಗುತ್ತಿಗೆಗೆ ಪಡೆಯಿತು. ಮುಂದೆ ಹಳಿಗಳನ್ನು ಅಗಲ ಮಾಡಿದರು.

ನೆವಾರ್ಕ್ ಊರು ಬೆಳೆದದ್ದೇ ಈ ರೈಲಿನಿಂದ. ಕಾರ್ಟರ್ ಸಹೋದರರು ಅಲ್ಲಿ ರೈಲು ಡಬ್ಬಿಗಳ ಕಾರ್ಖಾನೆ ನಡೆಸುತ್ತಿದ್ದರು. ಅದು 1902ರಲ್ಲಿ ಮುಚ್ಚಿತು. ನೆವಾರ್ಕ್‌ನಿಂದ ಸೆಂಟರ್‌ವಿಲ್‌ಗೆ ಸುಮಾರು ಮೂರು ಮೈಲಿಯ ಕವಲುದಾರಿಯೊಂದು 1882ರಿಂದ ಇತ್ತು. ಅದರ ಮೇಲೆ ಡಬ್ಬಿಯನ್ನು ಎಳೆಯುತ್ತಿದ್ದದ್ದು ಎಂಜಿನ್ ಅಲ್ಲ, ಕುದುರೆ! ನಮ್ಮ ಚಾರ್ಟಿನಲ್ಲಿ ತಪ್ಪಾದದ್ದು ಈ ಕುದುರೆ ರೈಲಿನ ವಿಷಯದಲ್ಲೇ.

೨. ಯಾವ ನಕ್ಷೆ ಎಷ್ಟು ಹೇಳುತ್ತದೆ?

ನಕ್ಷೆಗಳಲ್ಲಿ ಹಲವು ಬಗೆ. ನಾವು ಬಳಸಿದ್ದು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಅಮೆರಿಕ ಸರ್ಕಾರದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಸ್ಥಳಾಕೃತಿ ನಕ್ಷೆ. ಬೆಟ್ಟ, ಹೊಳೆ, ರಸ್ತೆ, ರೈಲು ಎಲ್ಲವೂ ಇದರಲ್ಲಿರುತ್ತವೆ. ಹಳೆಯ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ, ಮನೆಯ ಕಂಪ್ಯೂಟರಿನಲ್ಲೇ ನೋಡಬಹುದು. ರೈಲುದಾರಿಯನ್ನು ಉದ್ದ ಗೆರೆಯ ಮೇಲೆ ಚಿಕ್ಕಚಿಕ್ಕ ಅಡ್ಡಗೆರೆಗಳಿಂದ ತೋರಿಸುತ್ತಾರೆ, ನೋಡಲು ಶತಪದಿಯ ಹಾಗೆ.

ಎರಡನೆಯದು, ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆ. ಡಿ. ಎ. ಸ್ಯಾನ್‌ಬಾರ್ನ್ ಎಂಬಾತ 1867ರಲ್ಲಿ ಆರಂಭಿಸಿದ ಕಂಪನಿ ಅದು. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೆ ಎಷ್ಟು ನಷ್ಟವಾದೀತು ಎಂದು ವಿಮೆಯವರಿಗೆ ತಿಳಿಯಬೇಕಲ್ಲವೇ? ಅದಕ್ಕಾಗಿ ಪೇಟೆಯ ಒಂದೊಂದು ಕಟ್ಟಡವನ್ನೂ ಅಳೆದು ಬಣ್ಣ ಹಚ್ಚಿದರು. ಹಳದಿ ಎಂದರೆ ಮರ, ಗುಲಾಬಿ ಎಂದರೆ ಇಟ್ಟಿಗೆ, ನೀಲಿ ಎಂದರೆ ಕಲ್ಲು, ಬೂದು ಎಂದರೆ ಕಬ್ಬಿಣ. ಕಾವಲುಗಾರ ಇದ್ದಾನೋ, ನೀರು ಎಲ್ಲಿಂದ ಬರುತ್ತದೆ, ದೀಪ ಯಾವುದು, ಉರುವಲು ಯಾವುದು ಎಂಬುದನ್ನೂ ಬರೆದಿರುತ್ತಿದ್ದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಳೆಗಳನ್ನು ಬಣ್ಣದಲ್ಲೇ ಉಚಿತವಾಗಿ ತೋರಿಸುತ್ತದೆ. ಕಪ್ಪು-ಬಿಳುಪಿನ ಮೈಕ್ರೋಫಿಲ್ಮ್ ಪ್ರತಿಯಲ್ಲಿ ಬಣ್ಣವೇ ಇಲ್ಲದ್ದರಿಂದ ಅರ್ಧ ಮಾಹಿತಿ ಹೋದ ಹಾಗೆ.

ಮೂರನೆಯದು, ಜಿಲ್ಲೆಯ ಅಟ್ಲಾಸ್. ಇಲ್ಲಿ ಜಿಲ್ಲೆ ಎಂದರೆ ಕೌಂಟಿ. ಅಲಮೀಡ ಕೌಂಟಿಗೆ ಥಾಂಪ್ಸನ್ ಮತ್ತು ವೆಸ್ಟ್ ಎಂಬವರು 1878ರಲ್ಲಿ ಪ್ರಕಟಿಸಿದ ಅಟ್ಲಾಸ್ ಇದೆ. ಯಾವ ಜಮೀನು ಯಾರದು, ಎಷ್ಟು ಎಕರೆ ಎಂಬುದು ಅದರಲ್ಲಿ ಸಿಗುತ್ತದೆ.

ನಾಲ್ಕನೆಯದು ನಕ್ಷೆಯಲ್ಲ, ವಿಮಾನದಿಂದ ತೆಗೆದ ಛಾಯಾಚಿತ್ರ. 1930ರ ದಶಕದ ಕೊನೆಯಿಂದ ಅಮೆರಿಕದ ಕೃಷಿ ಇಲಾಖೆ ಹೊಲಗದ್ದೆಗಳ ಇಂಥ ಚಿತ್ರಗಳನ್ನು ವ್ಯಾಪಕವಾಗಿ ತೆಗೆಸಿತು. ಹಳಿ ಕಿತ್ತ ಮೇಲೂ ನೆಲದ ಮೇಲೆ ಉಳಿಯುವ ಗುರುತು ಅವುಗಳಲ್ಲಿ ಎದ್ದು ಕಾಣುತ್ತದೆ.

ಈಗ ಸ್ವಲ್ಪ ಲೆಕ್ಕ. ಹಳೆಯ ಸ್ಥಳಾಕೃತಿ ನಕ್ಷೆಯ ಪ್ರಮಾಣ 1:62,500. ಎಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 62.5 ಮೀಟರ್. ಸ್ಯಾನ್‌ಬಾರ್ನ್ ನಕ್ಷೆಯಲ್ಲಿ ಸಾಮಾನ್ಯವಾಗಿ 1 ಇಂಚಿಗೆ 50 ಅಡಿ. 50 ಅಡಿ ಎಂದರೆ 600 ಇಂಚು, ಆದ್ದರಿಂದ ಪ್ರಮಾಣ 1:600. ಇಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 60 ಸೆಂಟಿಮೀಟರ್ ಮಾತ್ರ. ಎರಡನೆಯದು ಮೊದಲನೆಯದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸೂಕ್ಷ್ಮ!

ಇದರ ಅರ್ಥವೇನು? ಅರವತ್ತು ಮೀಟರ್ ಅಗಲದ ದೊಡ್ಡ ಲೋಕೋ ಶೆಡ್ ಕೂಡ ಸ್ಥಳಾಕೃತಿ ನಕ್ಷೆಯಲ್ಲಿ ಒಂದು ಸಾಸಿವೆ ಕಾಳಿನಷ್ಟೂ ಆಗುವುದಿಲ್ಲ. "ನಕ್ಷೆಯಲ್ಲಿ ಶೆಡ್ ಇಲ್ಲ, ಆದ್ದರಿಂದ ಊರಿನಲ್ಲೂ ಇರಲಿಲ್ಲ" ಎಂದು ನಮ್ಮಲ್ಲಿ ಒಬ್ಬ ಹುಡುಗ ಬರೆದಿದ್ದ. ಅದು ತಪ್ಪು. ಆ ನಕ್ಷೆ ಶೆಡ್ಡನ್ನು ತೋರಿಸುವ ನಕ್ಷೆಯೇ ಅಲ್ಲ. ದಾರಿ ಎಲ್ಲಿ ಹೋಗುತ್ತಿತ್ತು ಎಂಬುದಕ್ಕೆ ಸ್ಥಳಾಕೃತಿ ನಕ್ಷೆ, ದಾರಿಯ ಪಕ್ಕದಲ್ಲಿ ಏನಿತ್ತು ಎಂಬುದಕ್ಕೆ ವಿಮೆ ನಕ್ಷೆ. ತಕ್ಕಡಿ ಬೇರೆ, ತೂಕ ಬೇರೆ.

ಇನ್ನೊಂದು ತಮಾಷೆ ನೋಡಿ. ಆ ಹಳೆಯ ಹಾಳೆಗಳು ಕಾಲು ಡಿಗ್ರಿ ಅಕ್ಷಾಂಶ, ಕಾಲು ಡಿಗ್ರಿ ರೇಖಾಂಶದ ಚೌಕಗಳು. 37 ಡಿಗ್ರಿ 30 ನಿಮಿಷದ ಅಕ್ಷಾಂಶವೂ 122 ಡಿಗ್ರಿ ರೇಖಾಂಶವೂ ಕೂಡುವ ಬಿಂದು ನೆವಾರ್ಕ್‌ನ ದಕ್ಷಿಣದಲ್ಲೇ ಬೀಳುತ್ತದೆ. ಹೀಗಾಗಿ ನಮ್ಮ ಊರು ಒಂದು ಹಾಳೆಯಲ್ಲಿಲ್ಲ, ನಾಲ್ಕು ಹಾಳೆಗಳ ಮೂಲೆಯಲ್ಲಿದೆ: ವಾಯವ್ಯಕ್ಕೆ ಹೇವರ್ಡ್ಸ್, ಈಶಾನ್ಯಕ್ಕೆ ಪ್ಲೆಸಂಟನ್, ನೈಋತ್ಯಕ್ಕೆ ಪಾಲೋ ಆಲ್ಟೋ, ಆಗ್ನೇಯಕ್ಕೆ ಸ್ಯಾನ್ ಹೋಸೆ. ಮೂರು ಹಾಳೆಗಳು 1899ರವು, ಪ್ಲೆಸಂಟನ್ ಹಾಳೆ 1906ರದು. ನಾಲ್ಕನ್ನೂ ಮುದ್ರಿಸಿ ನೆಲದ ಮೇಲೆ ಜೋಡಿಸಿಟ್ಟಾಗಲೇ ನಮಗೆ ಊರು ಕಂಡಿದ್ದು. ಹಾಗೆ ಜೋಡಿಸುವಾಗ ಏಳು ವರ್ಷಗಳ ಅಂತರವನ್ನೂ ಜೋಡಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಒಂದು ಹಾಳೆಯಲ್ಲಿರುವ ದಾರಿ ಪಕ್ಕದ ಹಾಳೆಯ ಅಂಚಿನಲ್ಲಿ ನಿಂತುಹೋದರೆ, ದಾರಿಯೇ ಅಲ್ಲಿ ಮುಗಿಯಿತು ಎಂದುಕೊಳ್ಳುವ ಮೊದಲು ಎರಡೂ ಹಾಳೆಗಳ ವರ್ಷ ನೋಡಿ.

೩. ಒಂದು ನಕ್ಷೆಗೆ ಹಲವು ವರ್ಷ

ಈಗ ಅಜ್ಜನ ಪ್ರಶ್ನೆಗೆ ಬರೋಣ. ನಕ್ಷೆಯ ಕೆಳಗೆ ಬರೆದಿದ್ದ ಎರಡು ವರ್ಷಗಳಲ್ಲಿ ಯಾವುದು ನಿಜ?

ಎರಡೂ ನಿಜ. ಆದರೆ ಎರಡೂ ಬೇರೆ ಬೇರೆ ವಿಷಯ ಹೇಳುತ್ತವೆ. ಸ್ಥಳಾಕೃತಿ ನಕ್ಷೆಯ ಅಂಚಿನಲ್ಲಿ ಮೂರು ಬಗೆಯ ವರ್ಷಗಳು ಇರಬಹುದು. ಅಳತೆಗಾರರು ನೆಲದ ಮೇಲೆ ನಡೆದಾಡಿ ಅಳೆದ ವರ್ಷ ಒಂದು. ಆ ಅಳತೆಯನ್ನು ಮೊದಲ ಸಲ ಅಚ್ಚು ಹಾಕಿದ ಆವೃತ್ತಿಯ ವರ್ಷ ಇನ್ನೊಂದು. ಪ್ರತಿಗಳು ಮುಗಿದ ಮೇಲೆ ಅದೇ ಅಚ್ಚಿನಿಂದ ಮತ್ತೆ ಮುದ್ರಿಸಿದ ವರ್ಷ ಮೂರನೆಯದು. ಮರುಮುದ್ರಣದ ವರ್ಷದಲ್ಲಿ ಯಾರೂ ನೆಲಕ್ಕೆ ಹೋಗಿ ನೋಡಿರಬೇಕೆಂದಿಲ್ಲ. ಹಳೆಯ ಪಂಚಾಂಗವನ್ನು ಹೊಸ ವರ್ಷ ಮತ್ತೆ ಅಚ್ಚು ಹಾಕಿದರೆ ಹಬ್ಬಗಳು ಹೊಸ ವರ್ಷಕ್ಕೆ ಹೊಂದುತ್ತವೆಯೇ?

ನಾವು ಮಾಡಿದ ತಪ್ಪು ಇದೇ. ಹೇವರ್ಡ್ಸ್ ಹಾಳೆಯ ಮರುಮುದ್ರಣದ ವರ್ಷವನ್ನು ಓದಿ, ಕುದುರೆ ರೈಲು ಆ ವರ್ಷದಲ್ಲೂ ಓಡುತ್ತಿತ್ತು ಎಂದು ಬರೆದಿದ್ದೆವು. ನಿಜವಾಗಿ ಆ ರೈಲು 1909ರಲ್ಲೇ ನಿಂತುಹೋಗಿತ್ತು. ಸತ್ತ ಕುದುರೆಯನ್ನು ನಾವು ಕಾಗದದ ಮೇಲೆ ಹಲವು ವರ್ಷ ಓಡಿಸಿಬಿಟ್ಟಿದ್ದೆವು!

ತಪ್ಪಿನ ಕೆಳಗೆ ಇನ್ನೊಂದು ತಪ್ಪೂ ಅಡಗಿತ್ತು. ಆಮೇಲಿನ ಕಾಲದ ನಕ್ಷೆಗಳಲ್ಲೂ ನೆವಾರ್ಕ್‌ಗೂ ಸೆಂಟರ್‌ವಿಲ್‌ಗೂ ನಡುವೆ ರೈಲಿನ ಗೆರೆ ಇದೆ. ಅದನ್ನು ನೋಡಿ 'ಹಳೆಯ ಕವಲುದಾರಿಯೇ ಮುಂದುವರಿಯಿತು' ಎಂದುಕೊಂಡಿದ್ದೆವು. ಆದರೆ 1910ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿ ಕೊಲ್ಲಿಗೆ ಅಡ್ಡವಾಗಿ ಡಂಬಾರ್ಟನ್ ರೈಲು ಸೇತುವೆಯನ್ನು ತೆರೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ದಾಟಿದ ಮೊದಲ ಸೇತುವೆ ಅದು. ಅದಕ್ಕೆ ಸೇರುವಂತೆ ನೈಲ್ಸ್, ಸೆಂಟರ್‌ವಿಲ್, ನೆವಾರ್ಕ್ ಮೂಲಕ ಅಗಲ ಹಳಿಯ ಹೊಸ ದಾರಿ ಬಂತು. ಎರಡು ನಕ್ಷೆಗಳಲ್ಲೂ ಗೆರೆ ಇದೆ, ಆದರೆ ರೈಲು ಬೇರೆ. ಒಂದರ ಮೇಲೆ ಕುದುರೆ, ಇನ್ನೊಂದರ ಮೇಲೆ ಉಗಿ ಎಂಜಿನ್. ಗೆರೆಯನ್ನು ನೋಡಿ ಅದನ್ನು ಎಳೆಯುತ್ತಿದ್ದದ್ದು ಯಾವುದು ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಅಂದಿನ ಪತ್ರಿಕೆ, ಊರಿನ ಇತಿಹಾಸದ ಪುಸ್ತಕ, ಹಳೆಯ ಫೋಟೋ ಬೇಕು. ಫ್ರೀಮಾಂಟ್‌ನ ಮುಖ್ಯ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಎರಡು ಶನಿವಾರ ಕುಳಿತ ಮೇಲೆ ನಮ್ಮ ಚಾರ್ಟ್ ಸರಿಯಾಯಿತು.

ವಿಮೆ ನಕ್ಷೆಯಲ್ಲೂ ಇಂಥದೇ ಒಂದು ಬಲೆ ಇದೆ. ಹೊಸ ಕಟ್ಟಡ ಬಂದಾಗ ಕಂಪನಿಯವರು ಇಡೀ ಹಾಳೆಯನ್ನು ಬದಲಿಸದೆ, ಚಿಕ್ಕ ಚೀಟಿಯಲ್ಲಿ ಹೊಸ ಕಟ್ಟಡವನ್ನು ಬರೆದು ಹಳೆಯದರ ಮೇಲೆ ಅಂಟಿಸುತ್ತಿದ್ದರು. ಅಂಗಿಗೆ ತೇಪೆ ಹಾಕಿದ ಹಾಗೆ. ಆದ್ದರಿಂದ ಒಂದೇ ಹಾಳೆಯ ಮೇಲೆ ಹಲವು ವರ್ಷಗಳ ಕಟ್ಟಡಗಳು ಒಟ್ಟಿಗೆ ಕುಳಿತಿರಬಹುದು. ಚೀಟಿಯ ಅಂಚು ಕಂಡರೆ ಅದರ ಅಡಿಯಲ್ಲಿ ಹಿಂದಿನ ಕಥೆಯೊಂದು ಇದೆ ಎಂದರ್ಥ.

ಹಾಗಾದರೆ ನಕ್ಷೆಯಿಂದ ಏನನ್ನು ಖಚಿತವಾಗಿ ಹೇಳಬಹುದು? ಒಂದೇ ನಕ್ಷೆಯಿಂದ ಒಂದು ಮಾತು ಮಾತ್ರ: 'ಅಳೆದ ವರ್ಷದಲ್ಲಿ ಇದು ಇತ್ತು'. ಬೇರೆ ಬೇರೆ ವರ್ಷ ಅಳೆದ ಎರಡು ನಕ್ಷೆಗಳಿದ್ದರೆ 'ಇಷ್ಟರಿಂದ ಇಷ್ಟರೊಳಗೆ ಇದು ಬಂತು ಅಥವಾ ಹೋಯಿತು' ಎನ್ನಬಹುದು. ಉದಾಹರಣೆಗೆ, ಸ್ಯಾನ್ ಹೋಸೆಯ ಲೆನ್ಜನ್ ರಸ್ತೆಯ ಬಳಿ ಎಂಜಿನ್‌ಗಳನ್ನು ನಿಲ್ಲಿಸುವ ಅರ್ಧಚಂದ್ರಾಕಾರದ ಶೆಡ್ ಇತ್ತು. ಅದನ್ನು ಕಟ್ಟಿದ್ದು 1899ರಲ್ಲಿ, ಬಿಚ್ಚಿದ್ದು 1994ರಲ್ಲಿ. ಸ್ಯಾನ್ ಹೋಸೆಗೆ 1891ರ ವಿಮೆ ನಕ್ಷೆಯೂ 1915ರ ವಿಮೆ ನಕ್ಷೆಯೂ ಇವೆ. ಕಟ್ಟಿದ ವರ್ಷ ನಮಗೆ ಗೊತ್ತಿಲ್ಲದಿದ್ದರೆ ಈ ಎರಡು ನಕ್ಷೆಗಳಿಂದ '1891ರ ನಂತರ, 1915ರ ಒಳಗೆ' ಎಂದಷ್ಟೇ ಹೇಳಬಹುದಾಗಿತ್ತು. ಅಷ್ಟು ಹೇಳುವುದೂ ದೊಡ್ಡದೇ. ಅದಕ್ಕಿಂತ ಹೆಚ್ಚು ಹೇಳಿದರೆ ಅದು ಊಹೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

೪. ಅಜ್ಜನ ಪಾಠ: ಮೊದಲು ನೀರು ಹುಡುಕಿ

ಅಜ್ಜ ಹುಬ್ಬಳ್ಳಿಗೆ ಹಿಂದಿರುಗುವ ಮೊದಲು ಮೂರು ಭಾನುವಾರ ನಮ್ಮ ತರಗತಿಗೆ ಬಂದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಮ್ಮ ಕೆಲವು ಮಕ್ಕಳಿಗೆ ಕನ್ನಡ ಅಷ್ಟಾಗಿ ಬಾರದು. ಆದರೆ ವಿಮೆ ನಕ್ಷೆಯ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದೊಡನೆ ಎಲ್ಲರ ತಲೆಗಳೂ ಒಂದಾದವು.

"ಬರೇ ಗೆರಿ ನೋಡಬ್ಯಾಡ್ರಿ. ನೀರ ಎಲ್ಲೈತಿ ಅಂತ ಮೊದಲ ನೋಡ್ರಿ" ಎಂದರು. ಉಗಿ ಎಂಜಿನ್ನಿಗೆ ಉರುವಲು ಸೌದೆಯಾಗಲಿ, ಕಲ್ಲಿದ್ದಲಾಗಲಿ, ಎಣ್ಣೆಯಾಗಲಿ, ನೀರಂತೂ ಬೇಕೇ ಬೇಕು. ಆದ್ದರಿಂದ ಹಳಿಯ ಪಕ್ಕದಲ್ಲಿ ಒಂಟಿಯಾಗಿ ಒಂದು ಚಿಕ್ಕ ವೃತ್ತ ಕಂಡರೆ ಅದು ಬಹುಮಟ್ಟಿಗೆ ನೀರಿನ ಟ್ಯಾಂಕ್. ಅಲ್ಲಿ ಎಂಜಿನ್ ನಿಲ್ಲುತ್ತಿತ್ತು. ಎಂಜಿನ್ ನಿಂತಲ್ಲಿ ಬೂದಿ ತೆಗೆಯುವ ಗುಂಡಿ, ಉರುವಲಿನ ರಾಶಿ, ಕೆಲಸದವರ ಕೋಣೆ ಹತ್ತಿರದಲ್ಲೇ ಇರಬೇಕು.

ಇನ್ನೊಂದು ದೊಡ್ಡ ವೃತ್ತವಿದ್ದು, ಅದರಿಂದ ಬೀಸಣಿಗೆಯ ಕಡ್ಡಿಗಳಂತೆ ಹಳಿಗಳು ಹೊರಟಿದ್ದರೆ ಅದು ಟರ್ನ್‌ಟೇಬಲ್. ಉಗಿ ಎಂಜಿನ್‌ಗೆ ಮುಖ ಇರುತ್ತದೆ, ಹಿಂದುಮುಂದಾಗಿ ದೂರ ಓಡಿಸುವುದು ಕಷ್ಟ. ಮರಳಿ ಹೋಗಬೇಕಾದರೆ ತಿರುಗುವ ಆ ಮೇಜಿನ ಮೇಲೆ ನಿಲ್ಲಿಸಿ ಇಡೀ ಎಂಜಿನ್ನನ್ನೇ ತಿರುಗಿಸಬೇಕು. ಬೀಸಣಿಗೆಯ ಆ ತುದಿಯಲ್ಲಿ ಅರ್ಧಚಂದ್ರದಂತಿರುವ ಕಟ್ಟಡವೇ ಲೋಕೋ ಶೆಡ್. ಹಳಿಯ ಪಕ್ಕದಲ್ಲಿ ಉದ್ದಕ್ಕೆ ಕಿರಿದಾಗಿ ಮಲಗಿದ ಹಳದಿ ಕಟ್ಟಡ ಗೂಡ್ಸ್ ಶೆಡ್ ಇರಬಹುದು. ಊರಿನಿಂದ ದೂರದಲ್ಲಿ ಹಳಿಗೆ ಅಂಟಿಕೊಂಡ ಒಂಟಿ ಮನೆ ಗ್ಯಾಂಗ್‌ಮನ್‌ಗಳದ್ದಿರಬಹುದು.

"ಇವೆಲ್ಲ ಯಾಕೆ ಮಾಯವಾದವು ಅಜ್ಜ?" ಎಂದು ಮೂರನೇ ತರಗತಿಯ ಪುಟ್ಟನೊಬ್ಬ ಕೇಳಿದ. ಅವನು ಅಣ್ಣನ ಜೊತೆ ಬಂದವನು. "ಡೀಸೆಲ್ ಬಂತು ತಮ್ಮಾ" ಎಂದರು ಅಜ್ಜ. ಡೀಸೆಲ್ ಎಂಜಿನ್ನಿಗೆ ಹೋದಲ್ಲೆಲ್ಲ ನೀರು ತುಂಬಬೇಕಾಗಿಲ್ಲ, ಬೂದಿಯಿಲ್ಲ, ಮುಖ ತಿರುಗಿಸುವ ಗೊಡವೆಯೂ ಕಡಿಮೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಉಗಿ ಎಂಜಿನ್ ಹಿಂದೆ ಸರಿಯಿತು. ಟ್ಯಾಂಕು, ಶೆಡ್ಡು, ಟರ್ನ್‌ಟೇಬಲ್‌ಗಳ ಕೆಲಸವೂ ಅಲ್ಲಿಗೆ ಮುಗಿಯಿತು. ನಿಲ್ದಾಣದ ಕಟ್ಟಡ ಚೆಂದವಿದ್ದರೆ ಜನ ಉಳಿಸಿಕೊಳ್ಳುತ್ತಾರೆ. ಸೆಂಟರ್‌ವಿಲ್‌ನ 1910ರ ನಿಲ್ದಾಣ ಉಳಿದಿದೆ. ಮಸಿ ಹಿಡಿದ ಶೆಡ್ಡನ್ನು ಉಳಿಸಿಕೊಳ್ಳುವವರು ಕಡಿಮೆ. "ನಾವು ಕೆಲಸಾ ಮಾಡಿದ ಜಾಗಾನೂ ಹಂಗ ಹೊಕ್ಕಾವ" ಎಂದು ಅಜ್ಜ ಮೆಲ್ಲಗೆ ಹೇಳಿದರು. ಆ ದಿನ ಮಕ್ಕಳು ಗಲಾಟೆ ಮಾಡಲಿಲ್ಲ.

ಹಳಿ ಹೋದರೂ ಅದರ ಆಕಾರ ಸುಲಭವಾಗಿ ಹೋಗುವುದಿಲ್ಲ ಎಂಬುದೂ ಆಗಲೇ ತಿಳಿದದ್ದು. ರೈಲು ಥಟ್ಟನೆ ತಿರುಗಲಾರದು, ಕಡಿದಾಗಿ ಏರಲಾರದು. ಹಾಗಾಗಿ ಚೌಕಚೌಕವಾದ ಬೀದಿಗಳ ನಡುವೆ ಒಂದೇ ಒಂದು ಓರೆ ಪಟ್ಟಿ, ಬಿಲ್ಲಿನಂತೆ ಬಾಗಿದ ಕಾಂಪೌಂಡ್ ಗೋಡೆ, ತ್ರಿಕೋನಾಕಾರದ ವಿಚಿತ್ರ ಸೈಟು ಕಂಡರೆ ಹಳೆಯ ನಕ್ಷೆಯನ್ನು ತೆಗೆದು ನೋಡಿ.

೫. ರೈಲಿನ ಕಿಟಕಿಯಿಂದ ಡ್ರಾಬ್ರಿಜ್

ಹುಡುಕಾಟದಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಡ್ರಾಬ್ರಿಜ್. ನೆವಾರ್ಕ್‌ಗೂ ಆಲ್ವಿಸೋಗೂ ನಡುವೆ, ಕೊಲ್ಲಿಯ ಜವುಗಿನ ಒಂದು ದ್ವೀಪದ ಮೇಲೆ, ಎರಡು ನೀರಿನ ಕಾಲುವೆಗಳನ್ನು ರೈಲು ದಾಟಬೇಕಿತ್ತು. ದೋಣಿಗಳಿಗೆ ದಾರಿ ಬಿಡಲು ಸೇತುವೆಗಳನ್ನು ತೆರೆದು ಮುಚ್ಚಬೇಕು, ಅದಕ್ಕೊಬ್ಬ ಮನುಷ್ಯ ಬೇಕು. ಅವನಿಗಾಗಿ 1876ರಲ್ಲಿ ರೈಲ್ವೆಯವರು ಒಂದು ಗುಡಿಸಲು ಕಟ್ಟಿದರು. ರೈಲು ನಿಲ್ಲತೊಡಗಿತು. ಬಾತುಕೋಳಿ ಬೇಟೆಗೆ ಜನ ಬಂದರು, ಕಂಬಗಳ ಮೇಲೆ ಮನೆ ಕಟ್ಟಿದರು, ಊರೇ ಆಯಿತು.

ಆಮೇಲೆ ಸಾಂಟಾ ಕ್ಲಾರಾ ಕಣಿವೆಯ ತೋಟಗಳಿಗೂ ಊರುಗಳಿಗೂ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ನೆಲವೇ ಕುಸಿಯಿತು. ಕೊಲ್ಲಿಯ ನೀರು ಕೊಳೆಯಾಯಿತು, ಮನೆಗಳು ಕೆಸರಿನಲ್ಲಿ ಇಳಿಯತೊಡಗಿದವು. ಕೊನೆಯ ನಿವಾಸಿ ಊರು ಬಿಟ್ಟದ್ದು 1979ರಲ್ಲಿ. ಈಗ ಆ ಜಾಗ ವನ್ಯಜೀವಿ ರಕ್ಷಿತ ಪ್ರದೇಶದೊಳಗಿದೆ, ನಡೆದು ಹೋಗಲು ಅನುಮತಿಯಿಲ್ಲ. ಆದರೆ ಮಿಲ್ಪಿಟಾಸ್ ಹಾಳೆಯಲ್ಲಿ ರೈಲಿನ ಗೆರೆಯ ಪಕ್ಕದಲ್ಲೇ ಊರಿನ ಹೆಸರು ಇದೆ, ಮತ್ತು ಅದೇ ಗೆರೆಯ ಮೇಲೆ ಪ್ರಯಾಣಿಕರ ರೈಲು ಇಂದಿಗೂ ಓಡುತ್ತಿದೆ!

ಮಾರ್ಚ್ ತಿಂಗಳ ಒಂದು ಶನಿವಾರ ಎಲ್ಲರೂ ಸೆಂಟರ್‌ವಿಲ್ ನಿಲ್ದಾಣದಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದೆವು. ಬುತ್ತಿಯಲ್ಲಿ ಚಿತ್ರಾನ್ನ, ಕೈಯಲ್ಲಿ ನಕ್ಷೆಯ ಪ್ರತಿ. ನೆವಾರ್ಕ್ ದಾಟಿದ ಮೇಲೆ ಎರಡೂ ಕಡೆ ಉಪ್ಪುನೀರು, ಜೊಂಡು, ಬೆಳ್ಳಕ್ಕಿಗಳು. ಬೆರಳನ್ನು ನಕ್ಷೆಯ ಗೆರೆಯ ಮೇಲೆ ಜಾರಿಸುತ್ತ ಕುಳಿತಿದ್ದ ಹುಡುಗಿ "ಈಗ! ಈಗ!" ಎಂದು ಕೂಗಿದಳು. ಓರೆಯಾದ ಒಂದು ಹಲಗೆಮನೆ, ಕುಸಿದ ಚಾವಣಿ, ಮತ್ತೆ ನೀರು. ಕೆಲವೇ ಕ್ಷಣ. ರೈಲು ನಿಲ್ಲಲಿಲ್ಲ. ನಕ್ಷೆ ಇಲ್ಲದಿದ್ದರೆ ನಾವು ಆ ಕ್ಷಣದಲ್ಲಿ ಚಿತ್ರಾನ್ನದ ಡಬ್ಬಿ ತೆರೆಯುತ್ತಿದ್ದೆವು.

೬. ನಕ್ಷೆ ಹೇಳದೆ ಬಿಟ್ಟದ್ದು

ಅದೇ ರೈಲುದಾರಿಯ ಬೆಟ್ಟದ ಭಾಗಕ್ಕೆ 1919ರ ಲಾಸ್ ಗ್ಯಾಟೋಸ್ ಹಾಳೆ ಇದೆ. ಅದರಲ್ಲಿ ಕಣಿವೆಯ ಉದ್ದಕ್ಕೂ ರೈಲಿನ ಗೆರೆ, ಆಲ್ಮಾ, ರೈಟ್ಸ್ ಎಂಬ ಹೆಸರುಗಳು ಕಾಣುತ್ತವೆ. 1940ರ ಚಳಿಗಾಲದ ಬಿರುಮಳೆಯಲ್ಲಿ ದಾರಿ ಕೊಚ್ಚಿಹೋಯಿತು. ಕಂಪನಿ ಅದನ್ನು ಮತ್ತೆ ಸರಿಪಡಿಸದೆ ಕೈಬಿಟ್ಟಿತು. 1952ರಲ್ಲಿ ಲೆಕ್ಸಿಂಗ್‌ಟನ್ ಅಣೆಕಟ್ಟು ಬಂದು ಆಲ್ಮಾ ಇದ್ದ ಜಾಗ ನೀರಿನಡಿ ಹೋಯಿತು. ನಂತರದ ಹಾಳೆಗಳಲ್ಲಿ ಅಲ್ಲಿ ನೀಲಿ ಬಣ್ಣ. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ರೈಲು ನೀರಿನೊಳಗೆ ಇಳಿದುಹೋದ ಹಾಗೆ ಕಾಣುತ್ತದೆ.

ರೈಟ್ಸ್ ಬಳಿ ಸುಮಾರು 6,200 ಅಡಿ ಉದ್ದದ ಸುರಂಗವಿತ್ತು. ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಅದಕ್ಕೆ ಅಡ್ಡವಾಗಿ ಹಾದುಹೋಗುತ್ತದೆ. 1906ರ ಭೂಕಂಪದಲ್ಲಿ ಸುರಂಗ ಅಡ್ಡಕ್ಕೆ ಸರಿದು ಮುರಿಯಿತು. ನಕ್ಷೆಯ ಮೇಲೆ ಅದು ಬೆಟ್ಟವನ್ನು ಹಾಯುವ ಚುಕ್ಕೆಗೆರೆ ಅಷ್ಟೇ. ಆದರೆ ಈ ಸುರಂಗವನ್ನು ಕೊರೆದವರು ಹೆಚ್ಚಾಗಿ ಚೀನಾದಿಂದ ಬಂದ ಕೂಲಿಕಾರರು. ಬಂಡೆಯಿಂದ ಒಸರುತ್ತಿದ್ದ ಅನಿಲಕ್ಕೆ ಬೆಂಕಿ ಹತ್ತಿ 1879ರಲ್ಲಿ ಸಂಭವಿಸಿದ ಸ್ಫೋಟಗಳಲ್ಲಿ ಅವರಲ್ಲಿ ಸುಮಾರು ಮೂವತ್ತು ಮಂದಿ ಸತ್ತರು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ.

ಇದನ್ನು ಓದಿದ ದಿನ ನಮ್ಮ ಹುಡುಗನೊಬ್ಬ, "ಅವರೂ ನಮ್ಮಪ್ಪನ ಹಾಗೆ ಬೇರೆ ದೇಶದಿಂದ ಕೆಲಸಕ್ಕೆ ಬಂದವರಲ್ಲವೇ?" ಎಂದು ಕೇಳಿದ. ಹೌದು. ಅವರ ಕಷ್ಟಕ್ಕೂ ನಮ್ಮ ಸೌಕರ್ಯಕ್ಕೂ ಹೋಲಿಕೆ ಇಲ್ಲ. ಆದರೆ ದೂರದ ಊರಿನಿಂದ ಬಂದು ಇಲ್ಲಿ ದುಡಿದವರ ಕುರುಹು ಎಷ್ಟು ಬೇಗ ಅಳಿಯುತ್ತದೆ ಎಂಬುದು ನಮಗೆ ಅರ್ಥವಾಗಬೇಕಾದ ವಿಷಯ. ಚಾರ್ಟಿನಲ್ಲಿ ಒಂದು ವರ್ಷ ತಪ್ಪಾದರೆ ಏನು ಮಹಾ ಎಂದು ಮೊದಲು ನಮಗೂ ಅನ್ನಿಸಿತ್ತು. ಸತ್ತವರ, ದುಡಿದವರ ವಿಷಯದಲ್ಲಿ ಉಳಿದಿರುವುದೇ ನಾಲ್ಕು ಗೆರೆಯಾದರೆ, ಆ ನಾಲ್ಕು ಗೆರೆಯನ್ನಾದರೂ ಸರಿಯಾಗಿ ಓದಬೇಕು.

೭. ನೀವೂ ಮಾಡಿ ನೋಡಿ

ಅ) ನಿಮ್ಮ ಮನೆ ಇರುವ ಜಾಗದ ಅತ್ಯಂತ ಹಳೆಯ ಸ್ಥಳಾಕೃತಿ ಹಾಳೆಯನ್ನು ತೆರೆಯಿರಿ. ಅಂಚಿನಲ್ಲಿರುವ ಎಲ್ಲ ವರ್ಷಗಳನ್ನೂ ಬರೆದುಕೊಳ್ಳಿ. ಅಳೆದ ವರ್ಷ ಯಾವುದು?

ಆ) 1:62,500 ಪ್ರಮಾಣದ ನಕ್ಷೆಯಲ್ಲಿ ಎರಡು ನಿಲ್ದಾಣಗಳ ನಡುವೆ 6.4 ಸೆಂಟಿಮೀಟರ್ ಇದೆ. ನೆಲದ ಮೇಲೆ ಎಷ್ಟು ದೂರ? (ಉತ್ತರ: 4 ಕಿಲೋಮೀಟರ್)

ಇ) ಒಂದು ವಿಮೆ ನಕ್ಷೆಯಲ್ಲಿ ರೈಲು ನಿಲ್ದಾಣದ ಹಾಳೆಯನ್ನು ಹುಡುಕಿ. ನೀರಿನ ಟ್ಯಾಂಕ್, ಗೂಡ್ಸ್ ಶೆಡ್ ಗುರುತಿಸಿ. ಯಾವುದು ಮರದ್ದು, ಯಾವುದು ಇಟ್ಟಿಗೆಯದು?

ಈ) ನೀವು ಕಂಡುಕೊಂಡ ಪ್ರತಿಯೊಂದು ಸಂಗತಿಯ ಮುಂದೆ ಮೂರು ಕಾಲಂ ಮಾಡಿ: 'ನಕ್ಷೆಯಲ್ಲಿ ಕಂಡದ್ದು', 'ಬೇರೆ ಕಡೆ ಓದಿದ್ದು', 'ನಮ್ಮ ಊಹೆ'. ಮೂರನ್ನೂ ಬೆರೆಸಬೇಡಿ.

ಉ) ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ. ಕರ್ನಾಟಕದಲ್ಲೂ ಎಷ್ಟೋ ಮೀಟರ್ ಗೇಜ್ ದಾರಿಗಳು ಬ್ರಾಡ್ ಗೇಜ್ ಆದವು, ನೀರಿನ ಕಂಬಗಳೂ ಶೆಡ್ಡುಗಳೂ ಮೂಲೆ ಸೇರಿದವು. ಅವರು ಹೇಳಿದ್ದನ್ನು ಒಂದು ಕೈನಕ್ಷೆಯಾಗಿ ಬರೆದು, ಬರೆದ ದಿನಾಂಕವನ್ನು ಕೆಳಗೆ ಹಾಕಿ. ದಿನಾಂಕ ಮರೆಯಬೇಡಿ!

ಪೋಷಕರಲ್ಲಿ ಒಂದು ವಿನಂತಿ. ಹಳಿಗಳ ಮೇಲೆ, ಸೇತುವೆಗಳ ಮೇಲೆ, ರೈಲ್ವೆ ಜಾಗದೊಳಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅದು ಅಪಾಯ, ಕಾನೂನಿಗೂ ವಿರುದ್ಧ. ಕಾರ್ಟರ್ ಕಾರ್ಖಾನೆಯ ಹಳೆಯ ಡಬ್ಬಿಗಳನ್ನು ಹತ್ತಿರದಿಂದ ನೋಡಬೇಕಾದರೆ ಫ್ರೀಮಾಂಟ್‌ನ ಆರ್ಡನ್‌ವುಡ್ ತೋಟದ ರೈಲು ಸಂಗ್ರಹಾಲಯಕ್ಕೆ ಹೋಗಬಹುದು.

ನಮ್ಮ ಚಾರ್ಟ್ ಈಗ ತರಗತಿಯ ಗೋಡೆಯ ಮೇಲಿದೆ. ತಪ್ಪಾದ ವರ್ಷವನ್ನು ಅಳಿಸಲಿಲ್ಲ. ಮಕ್ಕಳೇ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ವರ್ಷವನ್ನೂ ಅದು ಹೇಗೆ ಗೊತ್ತಾಯಿತು ಎಂಬುದನ್ನೂ ಬರೆದಿದ್ದಾರೆ. ಅದರ ಫೋಟೋ ತೆಗೆದು ಹುಬ್ಬಳ್ಳಿಗೆ ಕಳುಹಿಸಿದೆವು. "ಈಗ ಬರೋಬ್ಬರಿ ಆತು" ಎಂದು ಅಜ್ಜನಿಂದ ಉತ್ತರ ಬಂತು.